ಬಾಯಲ್ಲಿ ಬರೆದ ಪ್ರಬಂಧ

ಅರಸೀಕೆರೆಯ ಕಾಲೇಜಿನಲ್ಲಿ ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಬರೆಯಲು ಕೂತರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಮೊದಲ ಸಾಲಿಗೆ ಬಾಯಾರಿಕೆ, ಎರಡನೇ ಸಾಲಿಗೆ ಫೋನಿನ ನೆನಪು. ಮೂರನೇ ಸಾಲನ್ನು ಮೊನ್ನೆ ಮೊನ್ನೆಯವರೆಗೆ ಯಾರೂ ಕಂಡಿರಲಿಲ್ಲ.

ಹಾಗಾಗಿ ಡಿಜಿಟಲ್ ಮಾಧ್ಯಮದ ಪಾಠ ಮಾಡುವ ಮೇಷ್ಟ್ರು, "ಬೇಲೂರಿಗೋ ಹಳೇಬೀಡಿಗೋ ಹೋಗ್ಬಂದು, ಕಂಡಿದ್ದನ್ನ ನಿಮ್ಮ ಮಾತಲ್ಲಿ ಬರೆದು ತರಗತಿ ಗ್ರೂಪಿಗೆ ಹಾಕಿ" ಎಂದಾಗ ಉಳಿದವರ ಮುಖ ಬಾಡಿತು, ನನ್ನದು ಅರಳಿತು. ಮಾತಾಡಿದರೆ ಫೋನೇ ಬರೆದುಕೊಳ್ಳುವ ಕಾಲದಲ್ಲಿ ಕೈಗೆ ಯಾಕೆ ಕಷ್ಟ ಕೊಡಬೇಕು? ಮೇಷ್ಟ್ರೇ "ನಿಮ್ಮ ಮಾತಲ್ಲಿ" ಎಂದು ಅಪ್ಪಣೆ ಕೊಟ್ಟಿದ್ದಾರಲ್ಲ.

ಬೇಲೂರಿನಲ್ಲಿ ನನ್ನ ಸೋದರತ್ತೆಯ ಮನೆಯಿದೆ. ದೇವಸ್ಥಾನ ನೋಡಿ, ಅತ್ತೆಯ ಮನೆಯಲ್ಲಿ ಊಟ ಮುಗಿಸಿದೆ. ಅಲ್ಲಿ ಸಂಭ್ರಮವೋ ಸಂಭ್ರಮ. ಅತ್ತೆಯ ಮಗಳು ಶೀಲಕ್ಕನಿಗೆ ಕಣಕಟ್ಟೆಯ ನಂದೀಶ ಎಂಬ ಗಂಡು ಗೊತ್ತಾಗಿ, ನಿಶ್ಚಿತಾರ್ಥವೊಂದು ಬಾಕಿಯಿತ್ತು. ಮಾವ ಖುಷಿಗೆ ಗಂಡನ್ನೂ ಗಂಡಿನ ತಾಯಿಯನ್ನೂ ನಮ್ಮ 'ಬಂಧು ಬಳಗ' ಗ್ರೂಪಿಗೆ ಸೇರಿಸಿಬಿಟ್ಟಿದ್ದರು.

ವಾಪಸ್ ಬಸ್ಸಿನಲ್ಲಿ ಕೂತವಳೇ ಫೋನನ್ನು ಬಾಯಿಗೆ ಹಿಡಿದು ಪ್ರಬಂಧ ಶುರುಮಾಡಿದೆ. ಪಕ್ಕದ ಸೀಟಿನ ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿದರು.

"ಯಾರ್ ಜೊತೆ ಮಾತಾಡ್ತಿದ್ದೀಯವ್ವ?"

"ಮಾತಾಡ್ತಿಲ್ಲ ಅಜ್ಜಿ, ಬರೀತಿದ್ದೀನಿ."

ಅಜ್ಜಿ ನನ್ನ ಖಾಲಿ ಕೈ ನೋಡಿದರು. ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಕೂತರು.

ಹಳೇಬೀಡು ಬರುವಷ್ಟರಲ್ಲಿ ಪ್ರಬಂಧ ಮುಗಿಯಿತು. ತಿರುಗಿ ಓದುವ ತಾಳ್ಮೆ ನನ್ನ ಜಾತಕದಲ್ಲಿಲ್ಲ. ಗ್ರೂಪಿಗೆ ಒತ್ತಿ ಕಳಿಸಿಬಿಟ್ಟೆ. ಒತ್ತಿದ ಮೇಲೆ ನೋಡಿದೆ: ಅದು ತರಗತಿಯ ಗ್ರೂಪಲ್ಲ, ಬಂಧು ಬಳಗ. ಅಲ್ಲಿದ್ದುದು ಇಷ್ಟು:

"ಬೇಲೂರಿನ ಶೀಲಾ ಜಗತ್ತಿಗೇ ಹೆಸರುವಾಸಿ. ಒಂದು ಕಡೆ ಕನ್ನಡಿ ಹಿಡಿದು ತನ್ನ ಚೆಲುವಿಗೆ ತಾನೇ ಮರುಳಾಗಿದ್ದಾಳೆ. ಇನ್ನೊಂದು ಕಡೆ ಒಂದು ಕೋತಿ ಇವಳ ಸೆರಗು ಎಳೆಯುತ್ತಿದೆ, ಇವಳ ಮುಖದಲ್ಲಿ ಹುಸಿಕೋಪ. ವಯಸ್ಸು ಎಷ್ಟಾದರೂ ಯೌವನ ಮಾಸಿಲ್ಲ. ಇವಳನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ."

ನಾನು ಹೇಳಿದ್ದು ಶಿಲಾಬಾಲಿಕೆ. ಬಸ್ಸಿನ ಸದ್ದಿನಲ್ಲಿ ಬಾಲಿಕೆ ಮುಳುಗಿ ಫೋನಿಗೆ ಕೇಳಿಸಿದ್ದು ಬರೀ ಶೀಲಾ.

ಗಡಿಬಿಡಿಯಲ್ಲಿ ಅಳಿಸುವ ಗುಂಡಿ ಒತ್ತಿದೆ. ಬರಹ ಮಾಯವಾಯಿತು. ದೇವರು ದೊಡ್ಡವನು ಎಂದು ಸೀಟಿಗೆ ಒರಗುವಷ್ಟರಲ್ಲಿ ಅಮ್ಮನ ಫೋನು.

"ಏನೇ ಅದು, ಶೀಲನ ಮೇಲೆ ಬರ್ದಿರೋದು?"

"ಅಳಿಸ್ಬಿಟ್ಟೆ ಬಿಡಮ್ಮ."

"ನನ್ ಫೋನಲ್ಲಿ ಹಂಗೇ ಐತಲ್ಲೇ. ನಿಮ್ಮ ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಎರಡನೇ ಸಲ ಓದ್ತಾವ್ರೆ."

ಎಲ್ಲರ ಫೋನಿನಿಂದ ಅಳಿಸುವ ಬದಲು ನಾನು ನನ್ನೊಬ್ಬಳ ಫೋನಿನಿಂದ ಅಳಿಸಿಕೊಂಡಿದ್ದೆ. ಅಂದರೆ ಆ ಪ್ರಬಂಧವನ್ನು ಇಡೀ ಬಳಗ ಓದಬಹುದಿತ್ತು, ಬರೆದವಳು ಮಾತ್ರ ಓದುವಂತಿರಲಿಲ್ಲ. ಅದರ ಕೆಳಗೆ ಗಂಡಿನ ತಾಯಿಯ ಪ್ರಶ್ನೆ ಬಂದಿತ್ತು: "ಹುಡುಗಿ ವಯಸ್ಸು ಎಷ್ಟು ಅಂದಿದ್ರಿ?"

ಕೂಡಲೇ ತಿದ್ದುಪಡಿ ಹಾಕಬೇಕು. ರಸ್ತೆಯ ಕುಲುಕಾಟಕ್ಕೆ ಬೆರಳು ಒಂದಕ್ಷರದ ಮೇಲೂ ನೆಟ್ಟಗೆ ಬೀಳಲಿಲ್ಲ. ಮತ್ತೆ ಬಾಯಲ್ಲೇ ಬರೆದೆ. "ಕ್ಷಮಿಸಿ, ನಾನು ಹೇಳಿದ್ದು ಶೀಲಾ ಅಲ್ಲ, ಶಿಲಾ. ಅವಳು ಬರೀ ಕಲ್ಲು. ಅವಳಿಗೆ ಜೀವವಿಲ್ಲ" ಎಂದು ಬಿಡಿಬಿಡಿಸಿ ಹೇಳಿದೆ. ಗ್ರೂಪಿನಲ್ಲಿ ಮೂಡಿದ್ದು: "ಕ್ಷಮಿಸಿ, ನಾನು ಹೇಳಿದ್ದು ಶೀಲಾ ಅಲ್ಲ, ಶೀಲಾ. ಅವಳು ಬರೀ ಕಳ್ಳಿ. ಅವಳಿಗೆ ಜೀವವಿಲ್ಲ."

ಈ ಸಲ ಅತ್ತೆಯದೇ ಫೋನು. "ಅವಳು ನನ್ ಕಣ್ಮುಂದೆ ಕಡ್ಲೆಪುರಿ ತಿಂತಾ ಕೂತವ್ಳೆ, ಜೀವ ಇಲ್ಲ ಅಂತ ಬರ್ದಿದ್ದೀಯಲ್ಲೇ. ಬಿಕ್ಕೋಡಿನ ಚಿಕ್ಕಪ್ಪ ಅಳ್ತಾ ಜೀಪ್ ಹತ್ತವ್ರಂತೆ."

ಜಾವಗಲ್ಲಿನಲ್ಲಿ ಇಳಿದು ಬೇಲೂರಿಗೆ ಎದುರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತೇ ಹೋದೆ. ನನ್ನ ಅಂಕ ಹೋದರೆ ಹೋಗಲಿ. ಶೀಲಕ್ಕನ ಮದುವೆ ಮುರಿದರೆ ಆ ಮನೆಯ ಮೆಟ್ಟಿಲನ್ನು ಇನ್ನು ಹೇಗೆ ಹತ್ತುವುದು?

ಹೋದಾಗ ಅತ್ತೆ ನನ್ನ ಕಡೆ ಬೆನ್ನು ತಿರುಗಿಸಿದರು. ಬಿಕ್ಕೋಡಿನ ಚಿಕ್ಕಪ್ಪ ಹಾರ ಸಮೇತ ಬಂದು ಏನು ಮಾಡಬೇಕೆಂದು ತಿಳಿಯದೆ ಕಾಫಿ ಕುಡಿಯುತ್ತಿದ್ದರು. ಶೀಲಕ್ಕ ಕಣ್ಣು ಕೆಂಪಾಗಿ ಮೂಲೆಯಲ್ಲಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನಂದೀಶರಿಂದ ಫೋನು ಬಂತು. ಮಾವ ಸ್ಪೀಕರಿಗೆ ಹಾಕಿದರು.

"ಶೀಲಾ ಅವರಿದಾರಾ? ಒಂದ್ ವಿಷ್ಯ ಕೇಳ್ಬೇಕಿತ್ತು." ಆ ಕಡೆಯ ದನಿ ತಡವರಿಸಿತು. "ಆ ಕೋತಿ... ನಾನೇನಾ?"

ಶೀಲಕ್ಕ ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಬಂದಳು.

"ಮೊದ್ಲು ಸೆರಗು ಬಿಡಿ, ಹೇಳ್ತೀನಿ."

ಆ ಕಡೆ ನಗು ಕೇಳಿಸಿತು. ಮಾವ ಗಡಬಡಿಸಿ ಸ್ಪೀಕರ್ ಆರಿಸಿ, ಫೋನನ್ನು ಮಗಳ ಕೈಗಿಟ್ಟು, ಇಲ್ಲದ ಕೆಮ್ಮು ಕೆಮ್ಮುತ್ತಾ ಹೊರಗೆ ಹೋದರು. ಅಲ್ಲಿಯವರೆಗೆ ಅವರಿಬ್ಬರೂ "ಊಟ ಆಯ್ತಾ" ಬಿಟ್ಟು ಬೇರೆ ಮಾತಾಡಿರಲಿಲ್ಲವಂತೆ. ಅಂದು ಶೀಲಕ್ಕ ಹಿತ್ತಲಿನಿಂದ ಬರುವಾಗ ಫೋನಿನ ಬ್ಯಾಟರಿ ಸತ್ತಿತ್ತು. ಶಿಲಾಬಾಲಿಕೆಯ ವಿಷಯವನ್ನು ಮನೆಯವರಿಗೆ ನಾನು ಬಿಡಿಸಿ ಹೇಳಿದೆ, ಗಂಡಿನ ತಾಯಿಗೆ ಮಗನೇ ತಿಳಿಸಿ ಹೇಳಿದರು.

ನಾನು ಅತ್ತೆಯ ಮನೆಯ ಜಗಲಿಯಲ್ಲಿ ಕೂತು ಪೆನ್ನಿನಲ್ಲಿ ಪ್ರಬಂಧ ಬರೆದೆ. 'ಶ'ಕ್ಕೆ ಬರೀ ಗುಡಿಸು ಕೊಟ್ಟರೆ ಕಲ್ಲು, ದೀರ್ಘ ಎಳೆದರೆ ಅತ್ತೆಯ ಮಗಳು. ಕೈಯಲ್ಲಿ ಬರೆಯುವಾಗ ಆ ಗೆರೆಯ ಹತ್ತಿರ ಒಂದು ಗಳಿಗೆ ನಿಲ್ಲಲೇಬೇಕು. ಬಹುಶಃ ಬರೆಯುವುದೆಂದರೆ ಆ ನಿಲ್ಲುವುದೇ ಇರಬೇಕು. ನನಗೆ ಬಾರದಿರುವುದೂ ಅದೊಂದೇ. ಮೂರನೇ ಸಾಲು ಅಂದು ಹುಟ್ಟಿತು.

ಅಷ್ಟಕ್ಕೇ ನಾನು ಲೇಖಕಿಯಾದೆ ಎನಿಸಿತು. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅತ್ತೆಯ ಹಿಂದೆ ಹಿಂದೆ ಸುಳಿದಾಡಿ ಕೇಳಿದೆ.

"ಅತ್ತೆ, ಮದುವೆ ಕಾರ್ಡಿಗೆ ಚೆನ್ನಾಗಿ ನಾಲ್ಕು ಸಾಲು ನಾನು ಬರ್ಕೊಡ್ಲಾ?"

"ನೀನು ಕೋಸಂಬರಿಗೆ ಸೌತೆಕಾಯಿ ಹೆಚ್ಚು ಬಾ" ಎಂದರು ಅತ್ತೆ.

ಹೆಚ್ಚಿದೆ. ಅವಸರದಲ್ಲೇ ಹೆಚ್ಚಿದೆ. ಅತ್ತೆ ತಟ್ಟೆಯನ್ನೊಮ್ಮೆ ನೋಡಿ, ಅಷ್ಟನ್ನೂ ಇನ್ನೊಮ್ಮೆ ಸಣ್ಣಗೆ ಹೆಚ್ಚಿದರು.