ಸಿಸ್ಟರ್ ವ್ಯಾನಿನ ಮೂರನೆಯ ಪ್ಲಗ್

ಗ್ಯಾರೇಜ್ ಇಟ್ಟವನ ಮರ್ಯಾದೆ ಹೋಗಲು ವಿಶೇಷ ದಿನ ಬೇಕಾಗಿಲ್ಲ. ನನ್ನದು ಸಾಮಾನ್ಯವಾಗಿ ವಾರಕ್ಕೊಮ್ಮೆ ಹೋಗುತ್ತದೆ, ಸೋಮವಾರ ಬಾಗಿಲು ತೆರೆಯುವಷ್ಟರಲ್ಲಿ ತಾನಾಗಿಯೇ ವಾಪಸು ಬಂದಿರುತ್ತದೆ. ವಾಪಸು ಬಾರದೆ ಉಳಿದದ್ದು ಸಿಸ್ಟರ್ ವ್ಯಾನಿನ ದೆಸೆಯಿಂದ ಹೋದದ್ದು ಮಾತ್ರ.

ಸಿಸ್ಟರ್ ಅಂದರೆ ನನ್ನ ಅಕ್ಕ ಅಲ್ಲ, ಕಾನ್ವೆಂಟಿನವರೂ ಅಲ್ಲ. ಕುವೈತಿನ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದು, ನಿವೃತ್ತರಾಗಿ ನಂತೂರಿನ ಹತ್ತಿರ ಮನೆ ಮಾಡಿರುವ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಅವರ ಹಳೆಯ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿದರೆ ಎರಡು ಸ್ಪಾರ್ಕ್ ಪ್ಲಗ್ ಕಾಣುತ್ತವೆ. ಮೂರನೆಯದು ಹಿಂದೆ, ಪೈಪುಗಳ ಸಂದಿಯಲ್ಲಿ. ಅಲ್ಲಿಗೆ ಕಣ್ಣು ಹೋಗುವುದಿಲ್ಲ, ಕೈ ಮಾತ್ರ ಹೋಗುತ್ತದೆ. ಅದೂ ತೆಳ್ಳಗಿನ ಕೈ. ಮೊದಲು ದೊಡ್ಡ ಪೈಪು ಬಿಚ್ಚಿ ಪಕ್ಕಕ್ಕಿಟ್ಟರೆ ಸಲೀಸು. ಆದರೆ ಪೈಪು ಬಿಚ್ಚುವವನು ಎಂಥ ಮೆಕ್ಯಾನಿಕ್ ಎಂಬುದು ನನ್ನ ಆಗಿನ ಅಹಂಕಾರ. ಅಹಂಕಾರಕ್ಕಿಂತ ನನ್ನ ಕೈಯೇ ದಪ್ಪ ಎಂದು ಆಮೇಲೆ ಗೊತ್ತಾಯಿತು.

ಬೇರೆ ತಾಯಿಯ ಮಗು

ಮೊದಲ ಸಲ ಸಿಸ್ಟರ್ ಬಂದಾಗ ವ್ಯಾನ್ ಏರಿನಲ್ಲಿ ಕೆಮ್ಮುತ್ತಿತ್ತು. "ಮೂರೂ ಪ್ಲಗ್ ಹೊಸತು ಹಾಕು ಮಾರಾಯ" ಎಂದು ಹೇಳಿ, ಎದುರಿನ ಹಾಜಿಯವರ ಬೇಕರಿಗೆ ಚಾ ಕುಡಿಯಲು ಹೋದರು.

ಎರಡು ಪ್ಲಗ್ ಐದೇ ನಿಮಿಷದಲ್ಲಿ ಹಾಕಿದೆ. ಮೂರನೆಯದಕ್ಕೆ ಕೈ ತುರುಕಿದೆ, ಮಣಿಕಟ್ಟಿನವರೆಗೂ ಹೋಗಲಿಲ್ಲ. ಹಳೆಯದೇ ಗಟ್ಟಿ ಇದ್ದೀತು, ಇವರಿಗೇನು ಗೊತ್ತಾಗುತ್ತದೆ ಎಂದುಕೊಂಡು ಸೀಟು ಮುಚ್ಚಿಬಿಟ್ಟೆ.

ಸಿಸ್ಟರ್ ಬಂದವರೇ ಕೈಚಾಚಿದರು. "ಹಳೇದು ಮೂರು ಕೊಡು."

ಹಳೆಯದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಎರಡು ಹಳೆಯವು ಇದ್ದವು. ನೆಲದ ಮೇಲೆ ಬಿದ್ದಿದ್ದ ಯಾವುದೋ ಸ್ಕೂಟರಿನ ಪ್ಲಗ್ಗನ್ನು ಒರೆಸಿ, ಜೊತೆ ಸೇರಿಸಿ ಕೊಟ್ಟೆ. ಸಿಸ್ಟರ್ ಕನ್ನಡಕ ಏರಿಸಿ ಮೂರನ್ನೂ ಅಂಗೈಯಲ್ಲಿ ಹೊರಳಿಸಿದರು.

"ಇವೆರಡು ಒಂದೇ ತಾಯಿಯದ್ದು. ಇದನ್ನು ಎಲ್ಲಿಂದ ತಂದದ್ದು?"

ನಾನು ತಲೆ ಕೆರೆದುಕೊಂಡೆ. ಗ್ರೀಸ್ ಕೂದಲಿಗೆ ಹತ್ತಿತು.

"ಇಪ್ಪತ್ತೆಂಟು ವರ್ಷ ಒಂದು ಮಗುವೂ ಅದಲುಬದಲು ಆಗದ ಹಾಗೆ ನೋಡಿಕೊಂಡವಳು ನಾನು," ಎಂದರು ಸಿಸ್ಟರ್, "ನನ್ನ ಹತ್ತಿರ ಇದೆಲ್ಲ ನಡೆಯುವುದಿಲ್ಲ."

ಹೊಲಿಗೆ ಹಾಕುವ ಮೊದಲು

ಹಳೆಯ ಎರಡನ್ನು ಪರ್ಸಿಗೆ ಹಾಕಿಕೊಂಡು ಹೋದವರು, ಮೂರನೆಯದನ್ನು ಬದಲಿಸಲೇಬೇಕೆಂದು ಮುಂದಿನ ವಾರ ಮತ್ತೆ ಬಂದರು. ಈ ಸಲ ಚಾಕ್ಕೆ ಹೋಗದೆ ಸ್ಟೂಲು ಎಳೆದುಕೊಂಡು ನನ್ನೆದುರೇ ಕೂತರು. ನನಗೆ ಬೆವರು. ಉದ್ದ ಸ್ಪಾನರ್ ಹಿಡಿದು ಸಂದಿಯೊಳಗೆ ತಡಕಾಡುತ್ತಿದ್ದಾಗ ಅದರ ತುದಿಯ ಕೊಳವೆ ಕಳಚಿ ಒಳಗೆಲ್ಲೋ ಬಿತ್ತು. ಅದಿಲ್ಲದೆ ಪ್ಲಗ್ ಬಿಚ್ಚಲು ಆಗದು. ಬಿತ್ತೆಂದು ಹೇಳಲು ನಾಚಿಕೆ.

"ಮೂರನೆಯದು ತುಂಬ ಚೆನ್ನಾಗಿ ಉಂಟು ಸಿಸ್ಟರ್. ತೆಗೆಯುವುದೇ ಬೇಡ" ಎಂದು ಸೀಟು ಮುಚ್ಚಲು ಹೋದೆ.

"ನಿಲ್ಲು. ಸಾಮಾನು ಲೆಕ್ಕ ಮಾಡಿದೆಯಾ?"

"ಎಂತದ್ದಕ್ಕೆ?"

"ಆಪರೇಶನ್ನಿನಲ್ಲಿ ಹತ್ತಿ, ಕತ್ತರಿ ಎಲ್ಲ ಎಣಿಸಿಯೇ ಹೊಲಿಗೆ ಹಾಕುವುದು. ನಿನ್ನ ಪೆಟ್ಟಿಗೆಯಲ್ಲಿ ಒಂದು ಜಾಗ ಖಾಲಿ ಉಂಟು."

"ಅದು ಮನೆಯಲ್ಲುಂಟು ಸಿಸ್ಟರ್" ಅಂದೆ. ಅವರು ಸ್ಟೂಲು ಸರಿಸಿ, ವ್ಯಾನ್ ಹತ್ತಿ ಹೊರಟರು. ಅರ್ಧ ಗಂಟೆಯಲ್ಲಿ ಹಂಪನಕಟ್ಟೆಯಿಂದ ಫೋನ್.

"ಸ್ವಲ್ಪ ಕೇಳು" ಎಂದು ಫೋನನ್ನು ಸೀಟಿನ ಬಳಿ ಹಿಡಿದರು. ಕಣಕಣ, ಕಣಕಣ.

"ನಿನ್ನ ಮನೆಯಲ್ಲಿರುವುದು ನನ್ನ ವ್ಯಾನಿನಲ್ಲಿ ಮಾತಾಡ್ತಾ ಉಂಟು."

ನಾರ್ಮಲ್

ಕೊಳವೆ ಹೇಗೋ ಸಿಕ್ಕಿತು, ಪ್ಲಗ್ ಮಾತ್ರ ಅಲ್ಲೇ ಇತ್ತು. ಒಂದು ಶನಿವಾರ ಮಧ್ಯಾಹ್ನ ವ್ಯಾನನ್ನು ಗ್ಯಾರೇಜಿನವರೆಗೆ ತಳ್ಳಿಸಿಕೊಂಡೇ ಸಿಸ್ಟರ್ ಬಂದರು. ರೇಷ್ಮೆ ಸೀರೆ, ಮುಖ ಕೆಂಪು. ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ಪಾತ್ರೆ.

ತಂಗಿಯ ಮಗಳ ರೋಸ್. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರ. ಹಾಲು ತೆಗೆಯುವ ಜವಾಬ್ದಾರಿ ದೊಡ್ಡಮ್ಮನದು. ನಾಲ್ಕೂವರೆಗೆ ತೊಕ್ಕೊಟ್ಟಿನಲ್ಲಿ ಇರಬೇಕು. ಸೆಕೆ ಹೀಗೆ ಹೊಡೆಯುತ್ತಿದ್ದರೆ ಹಾಲು ಹುಳಿಯಾಗಲು ಎಷ್ಟು ಹೊತ್ತು?

"ರಿಕ್ಷಾದಲ್ಲಿ ಕೊಂಡುಹೋದರೆ ಹಾಲು ಚೆಲ್ಲಿ ರಸ್ತೆಗೇ ರೋಸ್ ಆಗ್ತದೆ," ಎಂದರು. "ಹುಡುಗಿಗೆ ನಾನು ಮಾತು ಕೊಟ್ಟಿದ್ದೇನೆ." ಅವರ ದನಿ ಮೊದಲ ಸಲ ಸಣ್ಣದಾಯಿತು. ನನಗೆ ನಿಜವಾಗಿ ಸಂಕಟವಾಯಿತು. ತಪ್ಪೆಲ್ಲ ನನ್ನದೇ.

ಆಗಲೂ ಪೈಪು ಬಿಚ್ಚಲಿಲ್ಲ ನೋಡಿ. ಎಂಜಿನ್ ತಣ್ಣಗಾಗಿತ್ತು. ಸ್ಪಾನರಿನಿಂದ ಸಡಿಲಿಸಿ, ಹಲ್ಲು ಕಚ್ಚಿ ಮೊಣಕೈವರೆಗೆ ಕೈ ನುಗ್ಗಿಸಿದೆ. ಬೆರಳಿಗೆ ಪ್ಲಗ್ ಸಿಕ್ಕಿತು! ತಿರುಗಿಸಿದೆ, ಕೈಗೆ ಬಂತು, ಮುಷ್ಟಿ ಹಿಡಿದೆ. "ಸಿಕ್ಕಿತು ಸಿಸ್ಟರ್!" ಎಂದು ಕೂಗಿದೆ.

ಎಳೆದೆ. ಮುಷ್ಟಿ ಬರಲಿಲ್ಲ.

"ಪ್ಲಗ್ ಬಿಡು" ಎಂದರು ಸಿಸ್ಟರ್.

"ಬಿಡುವುದಿಲ್ಲ. ಬಿಟ್ಟರೆ ಅದು ಮತ್ತೆ ಒಳಗೆ ಹೋಗ್ತದೆ. ಮೂರು ವಾರದ ಮರ್ಯಾದೆ ಸಿಸ್ಟರ್ ಇದು!"

ಸಿಸ್ಟರ್ ಗಡಿಯಾರ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮುಖದಲ್ಲಿದ್ದ ಗಾಬರಿ ಎಲ್ಲೋ ಹೋಯಿತು. ವಾರ್ಡಿನ ಮುಖ ಬಂತು. ರೋಸಿಗೆಂದು ತಂದ ಎಣ್ಣೆಯ ಬಾಟಲಿ ಬಗ್ಗಿಸಿ ನನ್ನ ಮೊಣಕೈಗೆ ಸುರಿದರು. ಸಾಲದ್ದಕ್ಕೆ ಒಂದು ಲೋಟ ತೆಂಗಿನ ಹಾಲೂ ಬಿತ್ತು. ಮದುಮಗಳಿಗಿಂತ ಮೊದಲು ನನಗೇ ರೋಸ್ ಆಯಿತು.

"ಬಾಯಲ್ಲಿ ಉಸಿರು ಬಿಡು. ಎಳೆಯಬೇಡ, ನಾನು ಹೇಳಿದಾಗ ಮಾತ್ರ. ಬೊಬ್ಬೆ ಹಾಕಬೇಡ, ಪಕ್ಕದ ಬೆಡ್ಡಿನವರಿಗೆ ತೊಂದರೆ."

"ಆಗುವುದಿಲ್ಲ ಸಿಸ್ಟರ್!"

"ಎಲ್ಲರೂ ಹೀಗೇ ಹೇಳುವುದು. ಈಗ ಮೆಲ್ಲ... ಮೆಲ್ಲ... ಹಾಂ, ಎಳೆ!"

ಪಚಕ್ಕೆಂದು ಕೈ ಹೊರಬಂತು. ನಾನು ಟಯರಿನ ರಾಶಿಯ ಮೇಲೆ ಮಲಗಿದೆ. ಸಿಸ್ಟರ್ ನನ್ನ ಮುಷ್ಟಿ ಬಿಡಿಸಿ ಪ್ಲಗ್ ತೆಗೆದುಕೊಂಡರು, ಒರೆಸಿದರು, ಪರ್ಸಿನಿಂದ ಹಳೆಯ ಎರಡನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿದರು.

"ಹೌದು, ಇದು ಅದೇ ತಾಯಿಯದ್ದು."

ಆಮೇಲೆ ಬಳೆ ಸರಿಸಿ, ತಮ್ಮ ತೆಳ್ಳಗಿನ ಕೈಯನ್ನು ಸಂದಿಯೊಳಗೆ ಹಾಕಿ, ಕಣ್ಣು ಮುಚ್ಚಿಕೊಂಡು ಹೊಸ ಪ್ಲಗ್ ಕೂರಿಸಿದರು. ಎರಡು ನಿಮಿಷವೂ ಆಗಲಿಲ್ಲ. ನಾನು ಎದ್ದು ಸ್ಪಾನರ್ ತಿರುಗಿಸಿದ್ದಷ್ಟೇ. ಕೀ ಹಾಕಿದರೆ ವ್ಯಾನ್ ಕೆಮ್ಮಿಲ್ಲದೆ ಹೊರಟಿತು. ಗಂಟೆ ನಾಲ್ಕಕ್ಕೆ ಐದು ನಿಮಿಷ ಇತ್ತು.

ನನ್ನ ಬೊಬ್ಬೆ ಕೇಳಿ ಹಾಜಿಯವರು ರಸ್ತೆ ದಾಟಿ ಬಂದಿದ್ದರು. "ಎಂತ ಆಯ್ತು ಸಿಸ್ಟರ್?"

"ನಾರ್ಮಲ್, ಹಾಜಿಯವರೇ," ಎಂದು ಸಿಸ್ಟರ್ ಕೈ ಒರೆಸಿಕೊಂಡು ವ್ಯಾನಿನ ಸ್ಟೇರಿಂಗ್ ತಟ್ಟಿದರು. "ತಾಯಿಗೆ ಎಂತದೂ ಆಗಲಿಲ್ಲ, ಈಗ ತೊಕ್ಕೊಟ್ಟಿಗೆ ಹೊರಟಿದ್ದಾಳೆ. ಸುಸ್ತು ತಂದೆಗೇ. ಅವನಿಗೊಂದು ಬಿಸಿ ಚಾ ಕೊಡಿ."