ಪಟಕ್ಕೆ ಕಿವಿ ಬರೆದದ್ದು

ಗೋಡೆಯ ಮೇಲಿನ ಒಂದು ಕಲೆಯನ್ನು ಮುಚ್ಚಲು ಹೋಗಿ ಅಂಜಿನಮೂರ್ತಿ ಸಿಕ್ಕಿಬಿದ್ದ.

ಮಧುಗಿರಿಯ ಒಂದು ಸರ್ಕಾರಿ ಕಚೇರಿಗೆ ಅವನು ಹೊಸ ಗುಮಾಸ್ತ. ಸಾಹೇಬರ ಕೋಣೆಯ ಪಕ್ಕದ ಗೋಡೆ ಸೋರಿ ಸೋರಿ ಕಪ್ಪಾಗಿತ್ತು. ಶಿರಾದ ಗುಜರಿ ಅಂಗಡಿಯಲ್ಲಿ ಗಾಜಿಲ್ಲದ ಪಟವೊಂದು ಸಿಕ್ಕಿತು. ನೂರು ವರ್ಷದ ಹಿಂದೆ ಯಾವನೋ ವಿದೇಶಿ ಕಲಾವಿದ ಬರೆದ ಚಿತ್ರದ ಅಚ್ಚು. ಕುಡಿದವರಂತೆ ವಾಲಿದ ಕಟ್ಟಡಗಳು, ನಡುವೆ ಪಟ್ಟಣದ ಬೀದಿ, ಬೀದಿಯಲ್ಲಿ ಉದ್ದ ಕೋಟಿನ ಮನುಷ್ಯ. ಮುಖ ಹಾಗಲಕಾಯಿಯಂತೆ ಹಸಿರು. ಕಣ್ಣಿಲ್ಲ, ಕಿವಿಯಿಲ್ಲ. ಒಂದು ಕೈ ಮಾತ್ರ ಕಾಯಿ ಕೀಳುವ ದೋಟಿಯಂತೆ ಚಾಚಿತ್ತು.

ಬೆಳಿಗ್ಗೆ ಪಟ ಗೋಡೆಗೇರಿತು. ಮೊದಲು ನೋಡಿದವಳು ಮದಲೂರಿನ ಕೊಲ್ಲಾಪುರಮ್ಮ, ಜಮೀನಿನ ಖಾತೆಗಾಗಿ ಎರಡು ವರ್ಷದಿಂದ ಅಲೆಯುತ್ತಿದ್ದ ಮುದುಕಿ.

"ಸಾಯೇಬ್ರ ಪಟ ಎಷ್ಟ್ ಚೆಂದಾಗೈತೆ ಕಣಪ್ಪ!"

"ಅದು ಸಾಹೇಬ್ರಲ್ಲ ಕಣಮ್ಮ!"

"ಎದುರಿಗ್ ನಿಂತ್ರೆ ಕಾಣಲ್ಲ, ಕೂಗಿದ್ರೆ ಕೇಳಲ್ಲ, ಕೈ ಮಾತ್ರ ನೀಡ್ಕಂಡವ್ನೆ. ಅವ್ರಲ್ದೆ ಇನ್ಯಾರು?"

ಸಾಲಿನಲ್ಲಿದ್ದವರು ಗೊಳ್ಳೆಂದರು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಕೋರ್ಟಿಗೆ ಬಂದವರೂ ಇತ್ತ ತಿರುಗಿ, ಪಟದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು.

ಹೆಡ್ ಕ್ಲರ್ಕ್ ದೊಡ್ಡಹನುಮಯ್ಯ ಓಡಿಬಂದ. "ಲೇ, ನಿನ್ ಪ್ರೊಬೇಷನ್ನೇ ಮುಗ್ದಿಲ್ಲ! ಸಾಹೇಬ್ರು ಬರೋದ್ರೊಳ್ಗೆ ಬಿಚ್ಚಾಕ್ಲಾ ಅದನ್ನ!"

ಅಂಜಿನಮೂರ್ತಿ ಎಳೆದ. ಪಟದ ಜೊತೆ ಮೊಳೆ, ಮೊಳೆಯ ಜೊತೆ ತಟ್ಟೆಯಗಲದ ಗಾರೆ ಕಿತ್ತು ಬಂತು. ಈಗ ತೂತು ಮುಚ್ಚಲು ಅದೇ ಪಟ ಬೇಕು.

"ಇಂಗ್ ಮಾಡು, ಕಣ್ಣು ಕಿವಿ ಬರ್ದ್‌ಬುಡು. ಆಮೇಲ್ ಯಾರ್ ಸಾಹೇಬ್ರು ಅಂತಾರೆ?" ಎಂದ ದೊಡ್ಡಹನುಮಯ್ಯ.

ಕಪ್ಪು ಮಾರ್ಕರ್ ಹಿಡಿದು ಅಂಜಿನಮೂರ್ತಿ ಅವಸರದಲ್ಲಿ ಗೀಚಿದ. ಕಿವಿಗಳು ಮೊರದಂತೆ ಅಗಲವಾದವು, ಕಣ್ಣು ಸೀಳಿನಂತಾದವು. ದುರದೃಷ್ಟಕ್ಕೆ ಸಾಹೇಬರ ಕಿವಿ, ಕಣ್ಣುಗಳೂ ಹಾಗೆಯೇ ಇದ್ದವು. ಅಲ್ಲಿಯವರೆಗೆ ಬರೀ ಹೋಲುತ್ತಿದ್ದ ಪಟ ಈಗ ಸಾಕ್ಷಾತ್ ಸಾಹೇಬರೇ ಆಯಿತು.

ಹೊಸ ಮೊಳೆಗೆ ಅದನ್ನು ತೂಗುಹಾಕುವಷ್ಟರಲ್ಲಿ ಜೀಪು ಬಂತು.

ಸಾಹೇಬರು ಕಿರಣ್ ಕುಮಾರ್ ಪಟದೆದುರು ನಿಂತರು. ಇದ್ದಕ್ಕಿದ್ದಂತೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ಹಿಂದಿನ ಸಾಹೇಬ್ರು, ವೆಂಕಟರಾಮಯ್ಯನೋರು! ಅದೇ ಕೈ! ಯಾರ್ರೀ ಬರೆದಿದ್ದು?"

ಎಲ್ಲರ ಬೆರಳೂ ಅಂಜಿನಮೂರ್ತಿಯತ್ತ ತಿರುಗಿತು.

"ಸಾರ್, ಅದು ಯಾರೂ ಅಲ್ಲ..."

"ನಾಚ್ಕೋಬೇಡ್ರಿ. ಅವರೀಗ ತುಮಕೂರಲ್ಲಿ ನಮಗೆಲ್ಲ ಮೇಲಧಿಕಾರಿ. ನಾಳೆ ತಪಾಸಣೆಗೆ ಬರ್ತಾ ಇದಾರೆ. ಅವರಿಗೆ ಹಾರ ಹಾಕಿ ಇದನ್ನೇ ಕೊಡೋಣ, ನಿಮ್ಮ ಕೈಯಿಂದಲೇ." ಕೋಣೆಯೊಳಗೆ ಹೋದವರು ಮತ್ತೆ ತಲೆ ಹೊರಗೆ ಹಾಕಿದರು. "ಕೆಳಗೆ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಬರೀರಿ. ಯಾರು ಬರೆದಿದ್ದು ಅಂತ ಅವರಿಗೆ ಗೊತ್ತಾಗ್ಬೇಕಲ್ಲ!"