ಹೆಣ್ಣು ನೋಡಲು ಹೊರಟ ಕಾರಿನ ವೈರು

ಚನ್ನಪಟ್ಟಣದ ಹೈವೇ ಪಕ್ಕ ಕಾರಿಗೆ ಹಾಡಿನ ಸೆಟ್ ಕೂರಿಸುವ ಅಂಗಡಿ ಇಟ್ಟುಕೊಂಡವನು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಇಂಡಿಕೇಟರ್ ಹಾಕಿಕೊಂಡು ಒಳಗೆ ಬರುತ್ತದೆ. ನನ್ನ ಎಡಗಡೆ ಅಂಗಡಿಯವರು ಬೊಂಬೆ ಮಾರುತ್ತಾರೆ, ಬಲಗಡೆಯವರೂ ಬೊಂಬೆ ಮಾರುತ್ತಾರೆ. ಅವರ ಗಿರಾಕಿಗಳು ಮಕ್ಕಳು, ಹೇಳಿದರೆ ಕೇಳುತ್ತಾರೆ. ನನ್ನ ಗಿರಾಕಿಗಳು ದೊಡ್ಡವರು.

ಈ ದೊಡ್ಡವರು ಸ್ಪೀಕರ್ ಕೊಳ್ಳುವಾಗ ಧಾರಾಳಿಗಳು. ಡಿಕ್ಕಿ ತುಂಬುವಂಥದ್ದೇ ಬೇಕು. ವೈರಿನ ಮಾತು ಬಂದ ಕೂಡಲೇ ಮುಖ ಚಿಕ್ಕದಾಗುತ್ತದೆ. "ಮ್ಯಾಟ್ ಕೆಳಗೆ ಹೋಗೋ ಸಾಮಾನು, ಯಾರು ನೋಡ್ತಾರೆ ಬಿಡಿ" ಅನ್ನುತ್ತಾರೆ. ಕಣ್ಣಿಗೆ ಕಾಣದ್ದಕ್ಕೆ ನಮ್ಮ ಜನ ದುಡ್ಡು ಬಿಚ್ಚುವುದು ದೇವರೊಬ್ಬನಿಗೆ ಮಾತ್ರ.

ಈ ವಿಷಯದಲ್ಲಿ ನನ್ನನ್ನು ಪೂರ್ತಿ ಸೋಲಿಸಿದವರು ಇಬ್ಬರು. ಒಬ್ಬ, ದೊಡ್ಡಆಲಹಳ್ಳಿಯ ಮದುವೆ ಗಂಡು. ಇನ್ನೊಬ್ಬರು, ಅವನ ಸೋದರಮಾವ.

ಬೋರ್‌ವೆಲ್ ಕೇಬಲ್ಲು

ಗಂಡಿಗೆ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಸಾಕುತ್ತಿದ್ದ, ಸೆಕೆಂಡ್ ಹ್ಯಾಂಡ್ ಆದರೂ ಹೊಳೆಯುವ ಕಾರಿತ್ತು. ಇಲ್ಲದ್ದು ಹೆಂಡತಿ. ಹೋದ ಕಡೆಯೆಲ್ಲ "ಬೇಸಾಯ ಮಾಡೋ ಗಂಡು ಬೇಡ" ಎಂದು ಉಪ್ಪಿಟ್ಟು ತಿನ್ನಿಸಿ ಕಳಿಸುತ್ತಿದ್ದರು. ಉಪ್ಪಿಟ್ಟು ತಿಂದೂ ತಿಂದೂ ಅವನ ಹಣೆ ನೆತ್ತಿಯ ತನಕ ಹೋಗಿತ್ತು.

"ಶುಕ್ರವಾರ ಹೆಣ್ಣು ನೋಡಕ್ಕೆ ಹೋಯ್ತಾ ಇದೀವಿ ಸಾವ್ಕಾರ್ರೆ," ಎಂದರು ಮಾವ. "ಹಾಡು ಹೆಂಗಿರಬೇಕು ಅಂದ್ರೆ, ಇವನು ಬೇಸಾಯ ಮಾಡ್ತಾನೆ ಅನ್ನೋದೇ ಅವರಿಗೆ ಮರೆತೋಗಬೇಕು."

ನಾನು ತಾಮ್ರದ ದಪ್ಪ ವೈರು ತೆಗೆದು ಕೊಟ್ಟೆ. ಗಂಡು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಹೀಗೇ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾರೆ. ಕೈಗೆ ಅಂಟಿದ ಅಭ್ಯಾಸ.

"ಸದ್ದೇ ಬತ್ತಿಲ್ವಲ್ಲ ಅಣ್ಣ?"

"ಅದು ವೈರು ಕಣಪ್ಪ. ಸದ್ದು ಸ್ಪೀಕರಿಂದ ಬರುತ್ತೆ."

ಅಷ್ಟರಲ್ಲಿ ಮಾವ ಡಿಕ್ಕಿಯಿಂದ ಒಂದು ಸುರುಳಿ ಎಳೆದು ತಂದರು. ಬೋರ್‌ವೆಲ್ ಮೋಟಾರಿಗೆ ಇಳಿಬಿಡುವ ಚಪ್ಪಟೆ ಕೇಬಲ್ಲು. "ಪಾತಾಳದಿಂದ ನೀರು ಎತ್ತೋ ವೈರು ಸಾವ್ಕಾರ್ರೆ. ನಿಮ್ಮ ಹಾಡು ಎತ್ತಕ್ಕಿಲ್ವಾ?"

ಅದು ನೆಟ್ಟಗೆ ಗುಂಡಿಗಿಳಿಯಲು ಹುಟ್ಟಿದ್ದು, ಕಾರಿನೊಳಗೆ ಬಗ್ಗುವುದಿಲ್ಲ ಎಂದೆ. ಕೇಳಲಿಲ್ಲ. ಗಿರಾಕಿ ತಂದ ಸಾಮಾನು, ಗಿರಾಕಿ ಕಾರು. ಕೂಲಿ ತಗೊಂಡು ಹಾಕಿಕೊಟ್ಟೆ. ಬಾಗಿಲ ಹೊಸ್ತಿಲ ಮೇಲೆ ಅದು ಹಾವಿನಂತೆ ಮಲಗಿತು.

ಶನಿವಾರ ಗಂಡು ಬಂದ. "ಮಾವನ ಕಡೆ ಬಾಗಿಲು ಗಟ್ಟಿಯಾಗಿ ಕೂರ್ಲೇ ಇಲ್ಲ ಅಣ್ಣ. ಹಳ್ಳ ಬಂದಾಗೆಲ್ಲ ತೆಕ್ಕೊಂಬುಡೋದು. ಬಾಗಿಲ್ನ ಟವಲ್ನಲ್ಲಿ ಸೀಟಿಗೆ ಕಟ್ಟಿದ್ವಿ. ಹೆಣ್ಣಿನ ಮನೆ ಮುಂದೆ ಗಂಟು ಬಿಚ್ಚಕ್ಕೇ ಆಗ್ಲಿಲ್ಲ. ನನ್ನ ಕಡೆಯಿಂದ ಇಳೀರಿ ಅಂದ್ರೆ ಗೇರಿಗೆ ಮಾವನ ಹೊಟ್ಟೆ ಅಡ್ಡ ಬಂತು. ಕಾರೊಳಗೇ ಕೂತು ಉಪ್ಪಿಟ್ಟು ತಿಂದ್ರು."

"ಹೆಣ್ಣಿನ ಅಪ್ಪ ಏನಂದರು?"

"ಹೆಣ್ಣು ಕೊಡಕ್ಕಿಲ್ಲ ಅಂದ್ರು. ಆದ್ರೆ ಕೇಬಲ್ಲು ಒಳ್ಳೇದೈತೆ, ಎಲ್ಲಿ ತಗೊಂಡ್ರಿ ಅಂತ ಎರಡು ಸಲ ಕೇಳಿದ್ರು."

ಆಗ್ನೇಯ ಮೂಲೆ

ಮುಂದಿನ ಹೆಣ್ಣು ಮಾಗಡಿಯಲ್ಲಿ. ಈ ಸಲ ನನ್ನ ವೈರೇ ಇರಲಿ ಎಂದು ಇಬ್ಬರೂ ಒಪ್ಪಿದರು. ಕೆಲಸ ಮುಗಿದು ಬಾನೆಟ್ ಮುಚ್ಚುವ ಹೊತ್ತಿಗೆ ಮಾವ ಒಳಗೆ ಬಗ್ಗಿ ನೋಡಿ ಹೌಹಾರಿದರು.

"ಬ್ಯಾಟರಿ ಈಶಾನ್ಯಕ್ಕೆ ಬಂದೈತಲ್ಲ! ಕರೆಂಟು ಆಗ್ನೇಯದಲ್ಲಿರಬೇಕು. ಈಶಾನ್ಯದಲ್ಲಿ ನೀರಿರಬೇಕು."

"ಬ್ಯಾಟರಿಯೊಳಗೆ ನೀರೂ ಇದೆ," ಎಂದೆ.

ಒಂದು ಗಳಿಗೆ ಯೋಚಿಸಿದರು, ಆದರೂ ಒಪ್ಪಲಿಲ್ಲ. "ಅದಕ್ಕೇ ಹೋದ ಸಲ ಕೆಲಸ ಕೆಟ್ಟಿದ್ದು."

ಹೋದ ಸಲ ಕೆಡಿಸಿದ್ದು ಅವರ ಕೇಬಲ್ಲು. ಆದರೆ ಸಂಜೆ ವ್ಯಾಪಾರದ ಹೊತ್ತು, ವಾದಕ್ಕೆ ಪುರುಸೊತ್ತಿಲ್ಲ. "ನೋಡಿ, ಇದು ಮನೆಯಲ್ಲ, ತಿರುಗುತ್ತೆ. ಈಗ ಕಾರಿನ ಮುಖ ಪೂರ್ವಕ್ಕಿದೆ, ಬ್ಯಾಟರಿ ಮುಂದೆ ಎಡಗಡೆ ಇದೆ, ಅದಕ್ಕೇ ಈಶಾನ್ಯ. ಮುಖ ದಕ್ಷಿಣಕ್ಕೆ ತಿರುಗಿಸಿ, ಅದೇ ಬ್ಯಾಟರಿ ಆಗ್ನೇಯಕ್ಕೆ ಬಂತು. ದಕ್ಷಿಣಕ್ಕೆ ಹೋಗುವಾಗ ಮಾತ್ರ ಹಾಡು ಹಾಕಿ."

"ದಕ್ಷಿಣ ಯಮನ ದಿಕ್ಕಲ್ವಾ?"

"ನೀವು ದಿಕ್ಕು ಕೇಳಿದ್ದು ಬ್ಯಾಟರಿಗೆ."

ತಮಾಷೆಗೆ ಅಂದಿದ್ದೆ. ಅವರು ತಮಾಷೆಗೆ ತಗೊಳ್ಳಲಿಲ್ಲ. ಮಾಗಡಿ ಅವರ ಊರಿಗೆ ಉತ್ತರ. ಹೋಗುವಾಗ ಕಾರು ಉಸಿರೆತ್ತದೆ ಹೋಯಿತು. ಹೆಣ್ಣಿನ ಕಡೆಯವರು ಬೇಡ ಅನ್ನಲಿಲ್ಲ, "ಯೋಚನೆ ಮಾಡಿ ಹೇಳ್ತೀವಿ" ಅಂದರು. ಅಷ್ಟು ದೂರ ಮಾತು ಬಂದಿದ್ದು ಅದೇ ಮೊದಲು. ಇಬ್ಬರೂ ಕೈಮುಗಿದು ಕಾರು ಹತ್ತಿದರು. ಕಾರು ದಕ್ಷಿಣಕ್ಕೆ ತಿರುಗಿತು. ಮಾವ ಸೌಂಡು ತುದಿಮುಟ್ಟ ತಿರುಗಿಸಿದರು. ತಮಟೆ ಹಾಡಿಗೆ ಬೀದಿಯ ಕಿಟಕಿಗಳೆಲ್ಲ ನಡುಗಿದವು.

ಮಾರನೆಯ ದಿನ ಸಂಬಂಧ ತಂದಿದ್ದ ಮಧ್ಯಸ್ಥಗಾರ ಗಂಡಿಗೆ ಫೋನು ಮಾಡಿದ. "ನಮ್ಮ ಹುಡುಗಿ ಇಷ್ಟ ಆಗದಿದ್ರೆ ಬಾಯಲ್ಲಿ ಹೇಳಬಹುದಿತ್ತು. ತಪ್ಪಿಸಿಕೊಂಡ್ವಿ ಅಂತ ತಮಟೆ ಹೊಡ್ಕೊಂಡು ಹೋಗೋದಾ ಅಂತ ಕೇಳ್ತಿದಾರೆ."

ಹೆದರಿದ ನಾಯಿಮರಿ

ಮತ್ತೆ ಬಂದರು. ಮಾವ ಈ ಸಲ ಮ್ಯಾಟ್ ಎತ್ತಿಸಿ ನೋಡಿದರು. ಕಾರಿನ ಬಲಬದಿಯಲ್ಲಿ ಕರೆಂಟಿನ ದಪ್ಪ ವೈರು, ಎಡಬದಿಯಲ್ಲಿ ಹಾಡಿನ ಸಣ್ಣ ವೈರು. ಹಾಕಬೇಕಾದ್ದೇ ಹಾಗೆ. ಎರಡೂ ಅಂಟಿಕೊಂಡರೆ ಇಂಜಿನ್ ಸದ್ದು ಹಾಡಿನೊಳಗೆ ನುಸುಳಿ ಕುಂಯ್‌ಗುಡುತ್ತದೆ.

"ಮದುವೆ ಕಾರ್ಯಕ್ಕೆ ಹೋಗೋ ಕಾರಲ್ಲಿ ಜೋಡಿನ ಬೇರೆ ಮಾಡಿದೀರಲ್ಲ ಸಾವ್ಕಾರ್ರೆ! ಒಂದು ಆ ದಿಕ್ಕು, ಒಂದು ಈ ದಿಕ್ಕು. ಇನ್ನು ಸಂಬಂಧ ಹೆಂಗೆ ಕೂಡತ್ತೆ?"

ಕುಂಯ್ ವಿಚಾರ ಬಿಡಿಸಿ ಹೇಳಿದೆ. "ಸಂಸಾರ ಅಂದ್ಮೇಲೆ ಒಸಿ ಕುಂಯ್ ಅಂತದೆ" ಎಂದರು. ಎರಡನ್ನೂ ಸೇರಿಸಿ ಟೇಪು ಸುತ್ತಿಕೊಟ್ಟೆ. ಮಾವ ಆ ಟೇಪಿನ ಮೇಲೆ ಅರಿಶಿನ ಹಚ್ಚಿದರು.

ಊರಿಗೆ ಹೋಗುವ ದಾರಿಯಲ್ಲಿ ಕುಂಯ್ ಶುರುವಾಯಿತು. ಹೇಳಿದ್ದೆಲ್ಲ ಅಷ್ಟರಲ್ಲಿ ಮರೆತುಹೋಗಿತ್ತು. ಅಂಗಡಿ ಮುಂದೆ ಮಲಗಿದ್ದ ನಾಯಿಮರಿ ಕಾರೊಳಗೆ ಸೇರಿಕೊಂಡಿದೆ ಎಂದುಕೊಂಡರು. ನಿಲ್ಲಿಸಿ ಹುಡುಕಿದರೆ ಸದ್ದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಕುಂಯ್ ಜಾಸ್ತಿ.

"ಸ್ಪೀಡು ಹೋದ್ರೆ ಹೆದರ್ತದೆ ಕಣ್ಲಾ. ನಿಧಾನಕ್ಕೆ ಹೋಗು."

ಎತ್ತಿನ ಗಾಡಿಯ ವೇಗದಲ್ಲಿ ಮನೆ ಮುಟ್ಟಿದರು. ಬೆಳಿಗ್ಗೆ ನನಗೆ ಗಂಡಿನ ಫೋನು. "ಅಣ್ಣ, ನಿಮ್ಮ ಅಂಗಡಿ ನಾಯಿಮರಿ ಕಾರಲ್ಲೈತೆ, ಹೆಂಗ್ ಕರೆದ್ರೂ ಈಚೆಗೆ ಬತ್ತಿಲ್ಲ. ಸೀಟಿನ ಕೆಳಗೆ ಒಂದು ಬಟ್ಟಲು ಹಾಲಿಟ್ಟಿದೀವಿ, ಯೋಚನೆ ಮಾಡ್ಬೇಡಿ."

ನಾಯಿಮರಿ ನನ್ನ ಕಾಲ ಹತ್ತಿರವೇ ಕೂತು ಬನ್ನು ತಿನ್ನುತ್ತಿತ್ತು.

ಹಿಂದಕ್ಕೆ ಹೋದರೆ ಹಾಡು

ಆ ಹಾಲು ಚೆಲ್ಲಿತು. ಚೆಲ್ಲಿದ ಹಾಲು ನಾರಿತು. ಮಾವ ಮ್ಯಾಟ್ ಕಿತ್ತು ತೊಳೆದು ಬಿಸಿಲಿಗೆ ಹಾಕಿದರು. ಕಿತ್ತ ರಭಸಕ್ಕೆ ಡಿಕ್ಕಿಯ ಹತ್ತಿರ ಒಂದು ಸಣ್ಣ ನೀಲಿ ವೈರು ತುಂಡಾಯಿತು. ಸೆಟ್ಟು ಆನ್ ಆದಾಗ ಹಿಂದಿನ ಆಂಪ್ಲಿಫೈಯರನ್ನು ‘ಏಳು’ ಎಂದು ಎಬ್ಬಿಸುವ ವೈರು ಅದು. ಅದಿಲ್ಲದೆ ಹಾಡಿಲ್ಲ. ನನಗೆ ಹೇಳಿದರೆ ಬೈಯುತ್ತೇನೆಂದು ಮಾವ ಬ್ಲೇಡು ಹಿಡಿದು, ಕೈಗೆ ಹತ್ತಿರ ಸಿಕ್ಕ ಇನ್ನೊಂದು ವೈರಿಗೆ ಅದನ್ನು ಸುತ್ತಿಬಿಟ್ಟರು.

ಭಾನುವಾರ ಗಂಡಿನ ಫೋನು ಬಂತು. "ಅಣ್ಣ, ತಿಪ್ಪಸಂದ್ರದ ಹೆಣ್ಣು. ಊರ ತಿರುವಿನಲ್ಲಿದೀವಿ. ಹಾಡೇ ಬತ್ತಿಲ್ಲ. ನಮ್ಮ ಕಾರು ಬಂತು ಅಂತ ಹಾಡೇ ಹೇಳ್ತದೆ ಅಂತ ಮಾವ ಫೋನಲ್ಲಿ ಕೊಚ್ಕೊಂಬುಟ್ಟವ್ರೆ. ಅವರೆಲ್ಲ ಜಗಲಿ ಮೇಲೆ ಕಾಯ್ತಾವ್ರೆ. ಈ ಸಂಬಂಧಾನೂ ಹೋದ್ರೆ ನಾನು ಇನ್ನು ಹೆಣ್ಣು ನೋಡಕ್ಕಿಲ್ಲ ಅಣ್ಣ. ಇರಿ, ಬಸ್ಸು ಬತ್ತೈತೆ, ಒಸಿ ಹಿಂದಕ್ಕೆ ತಕ್ಕೊಳ್ತೀನಿ..."

ಫೋನಿನಲ್ಲಿ ತಮಟೆ ಸಿಡಿಯಿತು. ಮತ್ತೆ ನಿಂತಿತು. "ಮುಂದಕ್ಕೆ ಬಂದ್ರೆ ಹೋಯ್ತು ಅಣ್ಣ!"

ಮಾವ ಸುತ್ತಿದ್ದು ರಿವರ್ಸ್ ಲೈಟಿನ ವೈರಿಗೆ. ಹಿಂದಕ್ಕೆ ಹೋದರೆ ಮಾತ್ರ ಹಾಡು.

"ಹಾಡು ಬಿಡಪ್ಪ, ಸುಮ್ಮನೆ ಹೋಗು," ಎಂದೆ. ಮಾವ ಫೋನು ಕಿತ್ತುಕೊಂಡರು.

"ಮಾಗಡಿಗೆ ಸುಮ್ನೆ ಹೋಗಿ ಏನಾಯ್ತು ಮರೆತ್ರಾ? ಲೇ, ತಿರುಗಿಸ್ಲಾ ಕಾರ್ನ! ಮನೆ ಉತ್ತರಕ್ಕೈತೆ. ಹಿಂದ್ಹಿಂದಕ್ಕೆ ಹೋದ್ರೆ ಕಾರಿನ ಮುಖ ದಕ್ಷಿಣಕ್ಕೇ ಇರ್ತದೆ. ಆಗ್ನೇಯನೂ ಸರಿಹೋಯ್ತು!"

ಹೀಗೆ ತಿಪ್ಪಸಂದ್ರಕ್ಕೆ ಒಬ್ಬ ಮದುವೆ ಗಂಡು ಬೆನ್ನು ತೋರಿಸಿಕೊಂಡು ಪ್ರವೇಶ ಮಾಡಿದ. ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಚರಂಡಿ, ನಡುವೆ ಕಾರಿನಷ್ಟೇ ಅಗಲದ ಓಣಿ. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬರ್ಲಿ, ಬರ್ಲಿ, ಎಡಕ್ಕೆ ಒಸಿ" ಎಂದು ಕೂಗುತ್ತಿದ್ದರೆ, ಕಾರಿನ ಮುಂಭಾಗದ ಕಡೆ ಮಕ್ಕಳು ತಮಟೆಗೆ ಕುಣಿಯುತ್ತ ಬಂದವಂತೆ. ಕಾರು ಜಗಲಿಗೆ ಒಂದು ಗೇಣು ಬಿಟ್ಟು ನಿಂತಿತು. ಹಾಡೂ ನಿಂತಿತು.

ಉಪ್ಪಿಟ್ಟು ಬಂತು. ಗಂಡು ತಲೆ ತಗ್ಗಿಸಿಕೊಂಡೇ ತಿಂದ. ಮುಂದಿನದನ್ನು ಲಗ್ನಪತ್ರಿಕೆ ಕೊಡಲು ನನ್ನ ಅಂಗಡಿಗೆ ಬಂದಾಗ ಆ ಹುಡುಗಿಯೇ ಹೇಳಿದಳು. ಊರಿನ ಹಾಲಿನ ಡೇರಿಯಲ್ಲಿ ಕೆಲಸ, ಮಾತು ಚುರುಕು.

"ನನ್ನ ನೋಡಕ್ಕೆ ಬಂದ ಗಂಡುಗಳೆಲ್ಲ ನೆಟ್ಟಗೆ ಬಂದು, ವಾಪಸ್ ಹೋಗುವಾಗ ರಿವರ್ಸ್ ಬರದೆ ನಮ್ಮ ಜಗಲಿ ಗುದ್ದಿ ಹೋದೋರೇ ಅಂಕಲ್. ಒಬ್ಬರು ಚರಂಡಿಗೇ ಇಳಿಸಿದ್ರು, ಅಪ್ಪ ಟ್ರಾಕ್ಟರ್ ತಂದು ಎತ್ತಿದ್ರು. ಇವರೊಬ್ಬರೇ ಹಿಂದಕ್ಕೆ ಬಂದು ಕೋಳಿಗೂ ತಾಗಿಸದೆ ನಿಲ್ಲಿಸಿದ್ರು. ಬೇಸಾಯ ಮಾಡೋರಾದ್ರೂ ಪರವಾಗಿಲ್ಲ, ಗಂಡು ಇವರೇ ಅಂದೆ."

ನನಗೂ ಮನಸ್ಸು ಕರಗಿತು, ಅಪರೂಪಕ್ಕೆ. "ಆ ವೈರು ಬಿಟ್ಟಿಯಾಗಿ ಸರಿಮಾಡಿ ಕೊಡ್ತೀನಮ್ಮ" ಎಂದೆ.

"ಬೇಡ ಅಂಕಲ್. ಮುಂದಕ್ಕೆ ಹೋಗುವಾಗ ಮಾವ ಇರ್ತಾರಲ್ಲ, ಅವರ ಸೌಂಡೇ ಸಾಕು."

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಮದುವೆಯಾದ ಮರುವಾರದಿಂದ ಕನಕಪುರ, ಮಾಗಡಿ ಕಡೆಯ ಮದುವೆಯಾಗದ ಗಂಡುಗಳೆಲ್ಲ ಸಾಲಾಗಿ ಬರತೊಡಗಿದರು. ಸ್ಪೀಕರ್ ಕೇಳುವುದಿಲ್ಲ, ಕಂಪನಿ ಕೇಳುವುದಿಲ್ಲ. ಎಲ್ಲರದೂ ಒಂದೇ ಬೇಡಿಕೆ: "ಅಣ್ಣ, ರಿವರ್ಸ್ ಹಾಕಿದ್ರೆ ಮಾತ್ರ ಹಾಡು ಬರೋ ಹಂಗೆ ವೈರು ಹಾಕ್ಕೊಡಿ. ಅದಕ್ಕೇ ಅಂತೆ ಹೆಣ್ಣು ಸಿಗೋದು."

ಇಷ್ಟು ವರ್ಷ ವೈರನ್ನು ಸರಿಯಾಗಿ ಹಾಕಿಸಿಕೊಳ್ಳಿ ಎಂದು ಗಂಟಲು ಹರಿದುಕೊಂಡವನು ನಾನು. ಒಬ್ಬನೂ ಕಾಸು ಬಿಚ್ಚಲಿಲ್ಲ. ಈಗ ತಪ್ಪಾಗಿ ಹಾಕಿಕೊಡಲು ಡಬಲ್ ಕೂಲಿ ತಗೊಳ್ಳುತ್ತೇನೆ. ಚೌಕಾಸಿ ಮಾಡುವವರೇ ಇಲ್ಲ.